ನೇಮಕಗೊಂಡ ಸಾಮಾನ್ಯ ವ್ಯಕ್ತಿ

ಬಸವೇಶ್ವರನಗರದ ಶಿವಗಂಗಮ್ಮನವರನ್ನು ಸಾಮಾನ್ಯ ವ್ಯಕ್ತಿ ಎಂದು ಕರೆಯುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡು ಬಂದವರು ಅವರು. ಜೋಳ ಬೀಸಿದ ಬೆನ್ನಿಗೇ ಗೋಧಿ ಹಾಕು ಎಂದವರನ್ನು ಹುಬ್ಬಿನ ಮೇಲಿನ ಹಿಟ್ಟು ಉದುರುವಂತೆ ಬೈದವರು. ಅಂಥವರು ಸಾಮಾನ್ಯರು ಎಂದು ಕೊನೆಗೆ ತೀರ್ಮಾನವಾದದ್ದು ಲಿಖಿತ ಆದೇಶದಲ್ಲಿ, ದುಂಡು ಮೊಹರಿನ ಸಮೇತ.

ಅದು ಆದದ್ದು ಹೀಗೆ. ನಾಗರಬಾವಿಯಲ್ಲಿ ಒಂದು ಪುಟ್ಟ ಪೋಷಣಾ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿ ಡಾ. ಚನ್ನವೀರೇಶ್ ಅವರಿಗೆ ಏಳು ದೇಶಗಳ ಒಕ್ಕೂಟವೊಂದರಿಂದ ಅನುದಾನ ಮಂಜೂರಾಗಿತ್ತು. ಐವತ್ತು ದಾಟಿದ ಹೆಂಗಸರು ಏನು ತಿನ್ನುತ್ತಾರೆ, ಅವರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಏಳೂ ದೇಶಗಳಲ್ಲಿ ಒಟ್ಟಿಗೆ ನೋಡುವ ಅಧ್ಯಯನ ಅದು. ಆದರೆ ಒಕ್ಕೂಟದವರು ಕೈಗೆ ಅನುದಾನ ಕೊಡುವ ಮುಂಚೆ ಕೊರಳಿಗೆ ನಿಯಮ ಕಟ್ಟುವ ಪೈಕಿ. ಜನರ ಮೇಲೆ ಸಂಶೋಧನೆ ಮಾಡುವ ಸಂಸ್ಥೆಗೆ ಒಂದು ನೈತಿಕ ಸಮಿತಿ ಇರಬೇಕು. ಸಮಿತಿಯಲ್ಲಿ ವೈದ್ಯರು, ವಕೀಲರು ಇದ್ದರೆ ಸಾಲದು, ವಿಜ್ಞಾನದ ಗಂಧಗಾಳಿ ಇಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಅವರ ಸಹಿ ಇಲ್ಲದೆ ಯಾರ ತೋಳಿಗೂ ಸೂಜಿ ತಾಗುವಂತಿಲ್ಲ.

ಮೊದಲು ಆ ಜಾಗದಲ್ಲಿದ್ದ ನಿವೃತ್ತ ಹೆಡ್‌ಮಾಸ್ತರು ಚನ್ನಕೇಶವಯ್ಯನವರು ಮಗಳ ಊರಿಗೆ ಹೋಗಿ ನೆಲೆಸಿದರು. ಹೊಸಬರು ಬೇಕು. ಚನ್ನವೀರೇಶ್ ಅವರಿಗೆ ತಟ್ಟನೆ ನೆನಪಾದದ್ದು ತಾವು ಪ್ರತಿ ಭಾನುವಾರ ರಾಗಿ ಡಬ್ಬ ಹಿಡಿದು ಹೋಗುವ ಗಿರಣಿಯ ಶಿವಗಂಗಮ್ಮ. ಎಷ್ಟು ಮೆದು ಹೆಂಗಸು! ಆರು ವರ್ಷದಲ್ಲಿ ಅವರ ಬಾಯಿಂದ ಒಂದು ಗಟ್ಟಿ ಮಾತು ಕೇಳಿದ್ದಿಲ್ಲ. ಸುಮ್ಮನೆ ತುಟಿ ಅಲ್ಲಾಡಿಸುತ್ತಾರೆ, ಡಬ್ಬ ಕೊಡುತ್ತಾರೆ. ಇಂಥವರು ತೋರಿಸಿದ ಕಡೆ ಸಹಿ ಹಾಕುತ್ತಾರೆ ಎಂದು ಡಾಕ್ಟರು ಲೆಕ್ಕ ಹಾಕಿದರು. ಪಾಪ, ತಾವು ಹೋದಾಗಲೆಲ್ಲ ಗಿರಣಿ ಓಡುತ್ತಿತ್ತು, ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ ಎನ್ನುವುದು ಅಷ್ಟು ಓದಿದ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಆದೇಶ ಬಂದ ದಿನ ಶಿವಗಂಗಮ್ಮನವರ ಯಜಮಾನರು ಸಿದ್ದಬಸಪ್ಪ ಅದನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಲವತ್ತು ವರ್ಷದಿಂದ ನಾನು ಇದನ್ನೇ ಹೇಳ್ತಾ ಇದ್ದೆ. ನನ್ನ ಮಾತಿಗೆ ಬೆಲೆ ಇರ್ಲಿಲ್ಲ. ಈಗ ನೋಡು, ಫಾರಿನ್ನವರೂ ಒಪ್ಪಿದಾರೆ" ಎಂದರು. ಆ ದಿನ ಅವರಿಗೆ ಮಧ್ಯಾಹ್ನದ ಊಟ ಮೂರೂವರೆಗೆ ಸಿಕ್ಕಿತು.

ಮೊದಲ ಸಭೆಗೆ ಶಿವಗಂಗಮ್ಮ ಇಳಕಲ್ ಸೀರೆ ಉಟ್ಟು ಹೋದರು. ಉದ್ದನೆಯ ಮೇಜು, ತಟ್ಟೆಯಲ್ಲಿ ಗೋಡಂಬಿ ಬಿಸ್ಕತ್ತು, ಪ್ರತಿ ಕುರ್ಚಿಯ ಮುಂದೆ ಒಂದು ಹೆಸರಿನ ಫಲಕ. ಅವರ ಮುಂದಿನದರಲ್ಲಿ 'ಶ್ರೀಮತಿ ಶಿವಗಂಗಮ್ಮ, ಸಾಮಾನ್ಯ ವ್ಯಕ್ತಿ' ಎಂದು ಹಿತ್ತಾಳೆ ಅಕ್ಷರದಲ್ಲಿ ಕೊರೆಸಿದ್ದರು. ಅವರ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಮದುವೆ ಪತ್ರಿಕೆಯಲ್ಲಿತ್ತು, ಹಿತ್ತಾಳೆಯಲ್ಲಿ ಇದೇ ಮೊದಲು. ಗಿರಣಿಗೂ ಯಜಮಾನರ ಹೆಸರೇ ಇತ್ತು. ಶಿವಗಂಗಮ್ಮ ಸೆರಗಿನ ತುದಿಯಿಂದ ಫಲಕವನ್ನು ಒಮ್ಮೆ ಒರೆಸಿದರು. ಅವರಿಗೆ ಬಹಳ ಸಂತೋಷವಾಗಿತ್ತು.

ಡಾಕ್ಟರು ಮೂವತ್ತೆರಡು ಪುಟದ ಒಪ್ಪಿಗೆ ಪತ್ರ ಮುಂದಿಟ್ಟರು. ರಕ್ತ ಕೊಡುವ ಹೆಂಗಸರು ಓದಿ ಸಹಿ ಮಾಡಬೇಕಾದದ್ದು. ಏಳು ದೇಶಕ್ಕೂ ಒಂದೇ ಪತ್ರ, ಹೊರದೇಶದಲ್ಲಿ ಬರೆದು ಯಾವುದೋ ಏಜೆನ್ಸಿಯಿಂದ ಕನ್ನಡ ಮಾಡಿಸಿದ್ದು. ಎಲ್ಲರೂ ಕೊನೆಯ ಪುಟಕ್ಕೆ ಹೋದರು. ಶಿವಗಂಗಮ್ಮ ಮೊದಲ ಪುಟ ತೆಗೆದು, ಅಭ್ಯಾಸಬಲದಿಂದ, ಗಿರಣಿಯ ಸದ್ದನ್ನು ಮೀರಿಸುವ ಗಂಟಲಿನಲ್ಲಿ ಓದತೊಡಗಿದರು.

"'ಸಹಭಾಗಿಯು ತನ್ನ ಜೈವಿಕ ಮಾದರಿಯ ಅನಿರ್ದಿಷ್ಟ ಭವಿಷ್ಯತ್ಕಾಲೀನ ಬಳಕೆಗೆ ಸಮ್ಮತಿಸತಕ್ಕದ್ದು.' ಏನು ಡಾಕ್ಟ್ರೇ ಇದು?"

ವಕೀಲರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುಳುಗಿತು. ಇಷ್ಟು ದೊಡ್ಡ ಧ್ವನಿ ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಚನ್ನವೀರೇಶ್ ಅವರಿಗೆ ಆರು ವರ್ಷದ ಭಾನುವಾರಗಳು ಒಟ್ಟಿಗೆ ಅರ್ಥವಾದವು.

"ಅಂದ್ರೆ ಅಮ್ಮ, ತಗೊಂಡ ರಕ್ತಾನ ಫಾರಿನ್ನಿಗೆ ಕಳಿಸಿ ಇಟ್ಟಿರ್ತಾರೆ. ಮುಂದೆ ಬೇರೆ ಯಾವುದಕ್ಕಾದ್ರೂ ಬೇಕಾದ್ರೆ ಬಳಸ್ತಾರೆ."

"ಹಾಗಂತಾನೇ ಬರೀರಿ ಮತ್ತೆ. ನಿಮಗೆ ಹೇಳಕ್ಕೆ ಬರುತ್ತೆ, ಬರಿಯಕ್ಕೆ ಬರಲ್ವಾ?"

ಅಂದು ಮೂರು ಪುಟ ಮುಗಿಯುವಷ್ಟರಲ್ಲಿ ಬಿಸ್ಕತ್ತು ಖಾಲಿಯಾಯಿತು. ಉಳಿದದ್ದನ್ನು ಮನೆಯಲ್ಲಿ ನಿಧಾನವಾಗಿ ಓದಿಕೊಂಡು ಬರುತ್ತೇನೆಂದು ಶಿವಗಂಗಮ್ಮ ಪತ್ರವನ್ನು ಚೀಲಕ್ಕೆ ಹಾಕಿಕೊಂಡರು. ಅದರ ಮೇಲೆ ಕೆಂಪಕ್ಷರದಲ್ಲಿ 'ಗೌಪ್ಯ' ಎಂದು ಅಚ್ಚಾಗಿತ್ತು. ಒಲೆಯ ಹತ್ತಿರ ಇಡಬಾರದು, ಹಾಳಾಗಬಾರದು ಎನ್ನುವ ಅರ್ಥದಲ್ಲಿ ಅವರು ಅದನ್ನು ತೆಗೆದುಕೊಂಡು, ಒಂದು ಸ್ಟೀಲ್ ಡಬ್ಬದಲ್ಲಿ ಭದ್ರವಾಗಿಟ್ಟರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಗಿರಣಿಯ ಮುಂದೆ ಡಬ್ಬಗಳ ಸಾಲು ಬಾಗಿಲು ದಾಟಿದ್ದಾಗ, ಶಿವಗಂಗಮ್ಮ ಸ್ವಿಚ್ ಆರಿಸಿದರು. ಕರೆಂಟ್ ಹೋಯಿತೆಂದು ಹೆಂಗಸರು ಗೊಣಗಿದರು.

"ಕರೆಂಟಿದೆ. ಎಲ್ಲಾ ಕೂತ್ಕೊಳ್ಳಿ. ಇದನ್ನ ಓದ್ತೀನಿ, ಅರ್ಥ ಆಗುತ್ತಾ ಹೇಳಿ. ನಿಮಗೆ ಅರ್ಥ ಆದ್ರೆ ನಾನು ಸಹಿ ಹಾಕ್ತೀನಿ."

ಆ ಬೀದಿಯಲ್ಲಿ ಹೆಣ್ಣು ನೋಡುವ ವಿಷಯ, ಬಾಡಿಗೆ ಪೋರ್ಷನ್ ಖಾಲಿಯಾದ ವಿಷಯ, ಯಾವ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರು ಎನ್ನುವ ವಿಷಯ ತೀರ್ಮಾನವಾಗುತ್ತಿದ್ದುದು ಗಿರಣಿಯ ಮುಂದೆಯೇ. ಇದೂ ಹಾಗೇ ಎಂದು ಅವರು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ಏಳು ದೇಶದ ಗುಟ್ಟು ಹದಿನಾಲ್ಕು ಹೆಂಗಸರ ಮುಂದೆ ಒಂದು ಗಂಟೆ ಹರಿಯಿತು. ಹದಿನೇಳನೆಯ ಪುಟಕ್ಕೆ ಬಂದಾಗ ಚಿಕ್ಕಲಕ್ಷ್ಮಮ್ಮ ಕೈಯೆತ್ತಿದರು. ಬಡಾವಣೆ ಬರುವ ಮುಂಚಿನ ಹಳೇ ಊರಿನವರು, ಎಪ್ಪತ್ತರ ಹತ್ತಿರ, ಮಾತಿನಲ್ಲಿ ಮುಲಾಜಿಲ್ಲ.

"ಅಲ್ಲ ಕಣವ್ವ, ಈಗ ಓದಿದ್ದು ಇನ್ನೊಂದು ಸತಿ ಓದು."

"'ಪರೀಕ್ಷೆಯ ವೈಯಕ್ತಿಕ ಫಲಿತಾಂಶಗಳನ್ನು ಸಹಭಾಗಿಗೆ ನೀಡಲಾಗುವುದಿಲ್ಲ.'"

"ಅಂದ್ರೆ ನನ್ನ ರಕ್ತ ತಗೊಂಡು, ಅದ್ರಾಗೆ ಏನೈತೆ ಅಂತ ಅವರು ತಿಳ್ಕೊಂಡು, ನನಗೆ ಹೇಳಾಕಿಲ್ವಾ? ನಾನು ರಾಗಿ ತಂದು ಕೊಟ್ಟು, ಹಿಟ್ಟು ನೀನು ಮಡಿಕ್ಕೊಂಡಂಗಾತು."

ಕಾಳು ಕೊಟ್ಟವರಿಗೇ ಹಿಟ್ಟು ಎನ್ನುವುದು ಶಿವಗಂಗಮ್ಮ ಇಪ್ಪತ್ತಾರು ವರ್ಷ ಪಾಲಿಸಿಕೊಂಡು ಬಂದ ಒಂದೇ ಕಾನೂನು. ಅದರ ವಿರುದ್ಧ ಸಹಿ ಹಾಕಲು ತಮ್ಮನ್ನು ಕುರ್ಚಿ ಹಾಕಿ ಕೂರಿಸಿದ್ದಾರೆ ಎಂದು ತಿಳಿದು ಅವರಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಮುಂದಿನ ಸಭೆಯಲ್ಲಿ ಅವರು ಕಡ್ಡಿ ಮುರಿದಂತೆ ಹೇಳಿದರು. "ಸಹಿ ಹಾಕಲ್ಲ. ಚಿಕ್ಕಲಕ್ಷ್ಮಮ್ಮಾರು ಒಪ್ಪಲ್ಲ."

"ಚಿಕ್ಕಲಕ್ಷ್ಮಮ್ಮ ಯಾರು?" ಎಂದರು ವಕೀಲರು.

"ಮಿಲ್ಲಿಗೆ ಬರ್ತಾರೆ. ಅವತ್ತು ಹದಿನಾಲ್ಕು ಜನ ಇದ್ರು, ಎಲ್ಲರಿಗೂ ಓದಿದೀನಿ."

ಗೌಪ್ಯ ದಾಖಲೆಯನ್ನು ಹಿಟ್ಟಿನ ಗಿರಣಿಯಲ್ಲಿ ಓದಿದ್ದು ಯಾವ ಯಾವ ಕಲಮಿನ ಉಲ್ಲಂಘನೆ ಎಂದು ವಕೀಲರು ಬೆರಳು ಮಡಿಸಿ ಎಣಿಸತೊಡಗಿದರು. ಚನ್ನವೀರೇಶ್ ತಲೆಯ ಮೇಲೆ ಕೈ ಹೊತ್ತು ಕುಳಿತರು. ಶುಕ್ರವಾರದೊಳಗೆ ಸಹಿಯಾದ ಪತ್ರ ಹೋಗದಿದ್ದರೆ ಅನುದಾನ ಎಂಟನೆಯ ದೇಶದ ಪಾಲು. ಏಳು ದೇಶಕ್ಕೂ ಒಂದೇ ಪತ್ರ, ಅಲ್ಪವಿರಾಮ ಕೂಡ ಬದಲಿಸುವಂತಿಲ್ಲ. ಕೊನೆಗೆ, ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ, ಅವರು ಒಕ್ಕೂಟದವರ ಜೊತೆ ವಿಡಿಯೋ ಸಭೆ ಏರ್ಪಡಿಸಿ ಶಿವಗಂಗಮ್ಮನವರನ್ನೇ ಪರದೆಯ ಮುಂದೆ ಕೂರಿಸಿದರು.

ಏಳು ದೇಶದ ದೊಡ್ಡವರು ಏಳು ಚೌಕದಲ್ಲಿ ಕಾಣಿಸಿಕೊಂಡರು. ಅಷ್ಟು ದೂರ ಕೇಳಬೇಕಲ್ಲ ಎಂದು ಶಿವಗಂಗಮ್ಮ ಇನ್ನೂ ಎರಡು ಪಟ್ಟು ಗಂಟಲೇರಿಸಿದರು. ಏಳೂ ಚೌಕಗಳು ಕಿವಿಯಿಂದ ಯಂತ್ರ ಕಿತ್ತವು. ರಾಗಿ ಮತ್ತು ಹಿಟ್ಟಿನ ವಿಷಯವನ್ನು ಚನ್ನವೀರೇಶ್ ಇಂಗ್ಲಿಷಿಗೆ ಮಾಡಿದರು. ಒಕ್ಕೂಟದ ನೀತಿ ವಿಭಾಗದ ಮುಖ್ಯಸ್ಥೆ ಇಂಗ್ರಿಡ್ ಎನ್ನುವ ಬೆಳ್ಳಿಗೂದಲ ಹೆಂಗಸು ಕುರ್ಚಿಯಿಂದ ಅರ್ಧ ಎದ್ದರು. ಜನರನ್ನು ಕೇಳಿ ಪತ್ರ ತಿದ್ದಬೇಕು ಎಂದು ಅವರು ನಾಲ್ಕು ವರ್ಷದಿಂದ ವರದಿ ಬರೆಯುತ್ತಿದ್ದರು. ಏಳು ದೇಶದಲ್ಲಿ ಯಾರೂ ಕೇಳಿರಲಿಲ್ಲ. ಈ ಅಮ್ಮ ಕೇಳಿದ್ದಾರೆ! ಯಾವ ವಿಧಾನ ಅನುಸರಿಸಿದಿರಿ ಎಂದು ಕೇಳಿದರು.

"ವಿಧಾನ ಏನು ಬಂತು? ಮಿಲ್ ಆಫ್ ಮಾಡ್ತೀವಿ. ಓದ್ತೀವಿ. ಅರ್ಥ ಆಗ್ಲಿಲ್ಲ ಅಂದ್ರೆ ಬೈತಾರೆ" ಎಂದರು ಶಿವಗಂಗಮ್ಮ.

ಇಂಗ್ರಿಡ್ ಬರೆದುಕೊಂಡರು. ಆ ಸಾಲನ್ನು ಬದಲಿಸಲು ಒಪ್ಪಿಗೆ ಸಿಕ್ಕಿತು. ಶಿವಗಂಗಮ್ಮ ಹೇಳಿದರು, ಚನ್ನವೀರೇಶ್ ಬರೆದರು: 'ನಿಮ್ಮ ರಕ್ತದಲ್ಲಿ ಏನು ಕಂಡಿತೋ ಅದನ್ನು ಮನೆಗೆ ಬಂದು ನಿಮಗೆ ಹೇಳುತ್ತೇವೆ.' ಗುರುವಾರ ಸಂಜೆ ಸಹಿ ಬಿತ್ತು.

ಎರಡು ತಿಂಗಳಾದ ಮೇಲೆ ಕೇಂದ್ರದ ಹುಡುಗಿ ಶಿವರಂಜನಿ ಸ್ಕೂಟಿಯಲ್ಲಿ ಮನೆಮನೆಗೆ ಬಂದು ಚೀಟಿ ಕೊಟ್ಟಳು. ಚಿಕ್ಕಲಕ್ಷ್ಮಮ್ಮನವರ ಚೀಟಿಯಲ್ಲಿ ಸಕ್ಕರೆ ಮುನ್ನೂರ ಹನ್ನೆರಡು ಎಂದಿತ್ತು. ಚಪ್ಪಲಿ ಕಚ್ಚಿದ್ದು ಎಂದು ಅವರು ಅರಿಶಿನ ಹಚ್ಚಿಕೊಂಡು ಓಡಾಡುತ್ತಿದ್ದ ಹೆಬ್ಬೆರಳಿನ ಗಾಯವನ್ನು ಕ್ಲಿನಿಕ್ಕಿನವರು ನೋಡಿ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು. ಆಮೇಲೆ ಅವರು ಗಿರಣಿಗೆ ಬಂದಾಗಲೆಲ್ಲ ಕಾಲು ಚಾಚಿ ಆ ಬೆರಳನ್ನು ಎಲ್ಲರಿಗೂ ತೋರಿಸುತ್ತಿದ್ದರು. "ಒಂದು ಸಾಲು ಉಳಿಸ್ತು ಕಣವ್ವ ಇದನ್ನ."

ಇಲ್ಲಿಗೆ ನಿಂತಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ಹೊರದೇಶಕ್ಕೆ ಹೋದದ್ದು ಹೋದ ಹಾಗೇ ವಾಪಸು ಬರುವುದಿಲ್ಲ. ಇಂಗ್ರಿಡ್ ಬರೆದುಕೊಂಡ ಮೂರು ವಾಕ್ಯ ಒಂದು ವರದಿಯಾಯಿತು, ವರದಿ ಉಪಸಮಿತಿಗೆ ಹೋಯಿತು, ಉಪಸಮಿತಿ ಮೂರು ಊರಿನಲ್ಲಿ ಸೇರಿ ಚಹಾ ಕುಡಿದು ಎಂಬತ್ತನಾಲ್ಕು ಪುಟದ ನೀತಿ ಹೊರಡಿಸಿತು. ಗಿರಣಿ ಆರಿಸುವುದು ಅದರಲ್ಲಿ 'ಹಂತ ಒಂದು: ಪರಿಸರ ಶಬ್ದದ ಪೂರ್ವಭಾವಿ ಶಮನ' ಎಂದಾಗಿತ್ತು. ಬೈಯುವುದು ಹಂತ ಹನ್ನೊಂದು. ನಡುವೆ ಓದುವುದೊಂದನ್ನು ಬಿಟ್ಟರೆ ಉಳಿದ ಎಂಟು ಹಂತಗಳು ಎಲ್ಲಿಂದ ಬಂದವೆಂದು ದೇವರಿಗೇ ಗೊತ್ತು. ಆ ನೀತಿಯನ್ನು ನಮ್ಮ ದೆಹಲಿಯ ಕಚೇರಿಯೊಂದು ತಲೆಯ ಮೇಲೆ ಹೊತ್ತು, ದೇಶದ ಸಂಶೋಧನಾ ಸಂಸ್ಥೆಗಳೆಲ್ಲ ತೊಂಬತ್ತು ದಿನದಲ್ಲಿ ಪಾಲಿಸಬೇಕು ಎಂದು ಸುತ್ತೋಲೆ ಕಳಿಸಿತು. ಮೀನಿನ ಮೇಲೆ ಕೆಲಸ ಮಾಡುವ ಕರಾವಳಿಯ ಸಂಸ್ಥೆಯೊಂದು, ಯಾವುದಕ್ಕೂ ಇರಲಿ ಎಂದು, ಟೆಂಡರ್ ಕರೆದು ಒಂದು ಹಿಟ್ಟಿನ ಗಿರಣಿ ಕೊಂಡಿತು. ಆರಿಸಲು ಅದನ್ನು ಮೊದಲು ಓಡಿಸಬೇಕಲ್ಲ. ಓಡಿಸಲು ಹುದ್ದೆ ಮಂಜೂರಾಗಿರಲಿಲ್ಲ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ನಿಯಮವಿತ್ತು: ಸಮಿತಿಯ ಸದಸ್ಯರೆಲ್ಲ ಆನ್‌ಲೈನ್ ತರಬೇತಿ ಪಡೆದು ಪರೀಕ್ಷೆ ಬರೆಯಬೇಕು. ಶಿವಗಂಗಮ್ಮ ಸೊಸೆ ವಚನಾಳ ಲ್ಯಾಪ್‌ಟಾಪನ್ನು ರಾಗಿ ಮೂಟೆಯ ಮೇಲಿಟ್ಟುಕೊಂಡು ಹದಿನೆಂಟು ಪಾಠ ಕೇಳಿದರು. ಸೊಸೆ ಕನ್ನಡದಲ್ಲಿ ಹೇಳಿದಳು, ಅತ್ತೆ ಉತ್ತರಿಸಿದರು. ನೂರಕ್ಕೆ ತೊಂಬತ್ತೆರಡು ಬಂತು, ವಕೀಲರಿಗೆ ಅರವತ್ತೊಂದು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗಿರಣಿಯ ಗೋಡೆಗೆ, 'ಖಾರದ ಪುಡಿ ಶನಿವಾರ ಮಾತ್ರ' ಎನ್ನುವ ಬೋರ್ಡಿನ ಪಕ್ಕ, ಮೊಳೆ ಹೊಡೆದರು.

ಆ ತೊಂಬತ್ತೆರಡೇ ಮುಳುವಾಯಿತು. ತಪಾಸಣೆಗೆ ಬಂದವರು ಕಡತ ನೋಡಿ ಆಕ್ಷೇಪ ಬರೆದರು. ಆರನೆಯ ನಿಯಮದಂತೆ ಸದಸ್ಯರೆಲ್ಲ ತರಬೇತಿ ಪಡೆದಿರಬೇಕು. ಒಂಬತ್ತನೆಯ ನಿಯಮದಂತೆ ಸಾಮಾನ್ಯ ವ್ಯಕ್ತಿಗೆ ವಿಶೇಷ ಜ್ಞಾನ ಇರಬಾರದು. ತೊಂಬತ್ತೆರಡು ಅಂಕದವರು ಸಾಮಾನ್ಯರಾಗುವುದು ಹೇಗೆ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ಶಿವಗಂಗಮ್ಮನವರ ಕುರ್ಚಿ ಹೋಯಿತು.

ಒಂದು ಶಾಲು, ಒಂದು ಬುಟ್ಟಿ ಹಣ್ಣು ಕೊಟ್ಟು ಬೀಳ್ಕೊಟ್ಟರು. ಹೆಸರಿನ ಫಲಕವನ್ನಾದರೂ ಕೊಡಿ ಎಂದು ಶಿವಗಂಗಮ್ಮ ಕೇಳಿದರು. ಅದಕ್ಕೆ ದಾಸ್ತಾನು ನಂಬರ್ ಬಿದ್ದಿದೆ, ಕೊಡಲು ಬರುವುದಿಲ್ಲ ಎಂದರು ಕಚೇರಿಯವರು. ಮನೆಗೆ ಬಂದು ಅವರು ಶಾಲನ್ನು ಮಡಚದೆ ಕುರ್ಚಿಯ ಮೇಲೆ ಎಸೆದರು. ಸಿದ್ದಬಸಪ್ಪ ಆ ದಿನ ತಮಾಷೆ ಮಾಡಲಿಲ್ಲ. ತಾವೇ ಎದ್ದು ಕಾಫಿ ಮಾಡಿ ತಂದುಕೊಟ್ಟರು.

ಅವರ ಜಾಗಕ್ಕೆ ಆತ್ರೇಯ ಎನ್ನುವ ನಿವೃತ್ತ ಅಧಿಕಾರಿಯೊಬ್ಬರು ಬಂದರು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಪುಟ ತೆರೆಯುವ ಮುಂಚೆಯೇ. ಸಭೆಗಳು ಹದಿನೈದು ನಿಮಿಷದಲ್ಲಿ ಮುಗಿದು ಬಿಸ್ಕತ್ತು ಮಿಗತೊಡಗಿತು.

ಮರುವರ್ಷ ಅಧ್ಯಯನದ ಎರಡನೆಯ ಸುತ್ತು ಶುರುವಾಯಿತು. ಒಂದು ಬೆಳಿಗ್ಗೆ ಶಿವರಂಜನಿ ಸಿರಿಂಜಿನ ಪೆಟ್ಟಿಗೆ ಹಿಡಿದು ಗಿರಣಿಗೇ ಬಂದಳು.

"ಆಂಟಿ, ನೀವೀಗ ಕಮಿಟೀಲಿಲ್ವಲ್ಲ. ಅದಕ್ಕೆ ನಿಮ್ಮ ರಕ್ತಾನೂ ತಗೋಬಹುದಂತೆ. ಇಲ್ಲಿ ಸಹಿ ಮಾಡಿ."

ಶಿವಗಂಗಮ್ಮ ಗಿರಣಿ ಆರಿಸಿದರು. ಹನ್ನೊಂದು ಹೆಂಗಸರು ತಾವಾಗಿಯೇ ಕುಳಿತರು. ಕನ್ನಡಕ ಒರೆಸಿ ಓದುತ್ತ ಓದುತ್ತ ಅವರು ಹದಿನೇಳನೆಯ ಪುಟದಲ್ಲಿ ನಿಂತರು. ತಮ್ಮ ಸಾಲು ಇರಬೇಕಾದ ಜಾಗದಲ್ಲಿ ಹೀಗಿತ್ತು: 'ಸಹಭಾಗಿ ಕೇಂದ್ರಿತ ಫಲಿತಾಂಶ ಮರುಸಂವಹನವನ್ನು ಅನ್ವಯವಾಗುವಲ್ಲಿ, ಸೂಕ್ತ ಮಾರ್ಗಗಳ ಮುಖಾಂತರ, ಪರಿಗಣಿಸಲಾಗಬಹುದು.'

"ಏನಮ್ಮಾ ಇದು?"

"ನಂಗೂ ಗೊತ್ತಿಲ್ಲ ಆಂಟಿ. ಹೊಸ ಪಾಲಿಸಿ ಪ್ರಕಾರ ಬದಲಾಗಿದೆಯಂತೆ. ಇಂಡಿಯಾದಲ್ಲಿ ಯಾರೋ ಒಬ್ಬರು ಹೇಳಿದ್ದನ್ನ ನೋಡಿ ಫಾರಿನ್ನಲ್ಲಿ ಮಾಡಿದ್ದಂತೆ."

"ಈ ಸತಿ ಚೀಟಿ ತಂದು ಕೊಡ್ತೀಯಾ, ಇಲ್ವಾ?"

ಶಿವರಂಜನಿ ತಲೆ ತಗ್ಗಿಸಿದಳು. "ಕೊಡಿ ಅಂತ ಯಾರೂ ಹೇಳಿಲ್ಲ ಆಂಟಿ."

ಚಿಕ್ಕಲಕ್ಷ್ಮಮ್ಮ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಶಿವಗಂಗಮ್ಮನವರಿಗೆ ಕುರ್ಚಿ ಹೋದಾಗ ಆದದ್ದಕ್ಕಿಂತ ಹೆಚ್ಚು ಸಂಕಟ ಈಗ ಆಯಿತು. ಪೆನ್ನು ತೆಗೆದುಕೊಂಡು ಸಹಿ ಮಾಡುವ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ಅರ್ಥವಾಗಲಿಲ್ಲ' ಎಂದು ಬರೆದು ಪತ್ರವನ್ನೂ ಪೆನ್ನನ್ನೂ ಪಕ್ಕದವರಿಗೆ ದಾಟಿಸಿದರು. ಉಳಿದ ಹೆಂಗಸರೂ ಅದರ ಕೆಳಗೆ ಅದನ್ನೇ ಬರೆದರು. ಬರೆಯಲು ಬಾರದ ಚಿಕ್ಕಲಕ್ಷ್ಮಮ್ಮ ಆ ಮಾತಿನ ಪಕ್ಕ ಹೆಬ್ಬೆಟ್ಟು ಒತ್ತಿದರು. ಮಾತು ಬೀದಿಯಿಂದ ಬೀದಿಗೆ ಹರಿದು, ವಾರದೊಳಗೆ ಮಹಾಲಕ್ಷ್ಮಿ ಲೇಔಟಿನ ತನಕ ಒಂದು ತೊಟ್ಟು ರಕ್ತ ಹುಟ್ಟಲಿಲ್ಲ.

ಭಾನುವಾರ ಚನ್ನವೀರೇಶ್ ಗಿರಣಿಗೆ ಬಂದರು. ಕೈಯಲ್ಲಿ ರಾಗಿ ಡಬ್ಬ, ಕಂಕುಳಲ್ಲಿ ಪೇಪರ್ ಸುತ್ತಿದ ಏನೋ ಒಂದು. ಶಿವಗಂಗಮ್ಮ ಗಿರಣಿ ಆರಿಸಿದರು.

"ಡಾಕ್ಟ್ರೇ, ಅಷ್ಟು ಟ್ರೈನಿಂಗ್ ತಗೊಂಡ ನನಗೇ ಆ ಸಾಲು ಅರ್ಥ ಆಗ್ಲಿಲ್ಲ. ಅಂದ್ಮೇಲೆ ನಾನು ಮತ್ತೆ ಸಾಮಾನ್ಯ ವ್ಯಕ್ತಿ ಆಗಿದೀನಿ. ಕುರ್ಚಿ ಖಾಲಿ ಇದ್ಯಾ?"

"ಕುರ್ಚಿ ಇಲ್ಲಮ್ಮ. ಆತ್ರೇಯ ಸಾರ್‌ಗೆ ಇನ್ನೂ ಮೂರು ವರ್ಷ ಇದೆ." ಡಾಕ್ಟರು ಪೇಪರ್ ಬಿಚ್ಚಿದರು. ಹಿತ್ತಾಳೆಯ ಫಲಕ. "ಇದು ದಾಸ್ತಾನಿನಲ್ಲಿ ಮುರಿದುಹೋಗಿದೆ ಅಂತ ಬರೆಸಿದೀನಿ."

ಶಿವಗಂಗಮ್ಮ ಅದನ್ನು ಸೆರಗಿನಿಂದ ಒರೆಸಿದರು. ಒರೆಸಲು ಹೆಚ್ಚು ಹೊತ್ತೇ ಹಿಡಿಯಿತು. ಆಮೇಲೆ, "ಅದಿರ್ಲಿ. ಸಾಲು?" ಎಂದರು.

ಏಳು ದೇಶದ ನೀತಿಯಿದೆ, ದೆಹಲಿಯ ಸುತ್ತೋಲೆಯಿದೆ, ತಮ್ಮ ಕೈಯಲ್ಲೇನಿದೆ ಎಂದು ಡಾಕ್ಟರು ಹೇಳಲು ಹೊರಟರು. ಚಿಕ್ಕಲಕ್ಷ್ಮಮ್ಮ ಕಾಲು ಚಾಚಿದರು. ಡಾಕ್ಟರು ಆ ಹೆಬ್ಬೆರಳನ್ನು ನೋಡಿದರು, ಸುತ್ತ ಕುಳಿತ ಹೆಂಗಸರನ್ನು ನೋಡಿದರು. ಮೂಟೆಯ ಮೇಲೆ ಕುಳಿತು, ಚೀಲದಿಂದ ಒಪ್ಪಿಗೆ ಪತ್ರ ತೆಗೆದು, ಹದಿನೇಳನೆಯ ಪುಟದ ಆ ಸಾಲನ್ನು ಹೊಡೆದುಹಾಕಿದರು. "ಏನಾದ್ರೂ ಆಗ್ಲಿ, ಬೈಸ್ಕೊಳ್ಳೋನು ನಾನು ತಾನೇ. ಹೇಳಿ ಅಮ್ಮ" ಎಂದರು.

"'ನಿಮ್ಮ ರಕ್ತದಲ್ಲಿ ಏನು ಕಂಡಿತೋ ಅದನ್ನು ಮನೆಗೆ ಬಂದು ನಿಮಗೆ ಹೇಳುತ್ತೇವೆ.' ಬರೆದ್ರಾ? ಓದಿ ನೋಡೋಣ."

ಡಾಕ್ಟರು ಓದಿದರು. ಹೆಂಗಸರಿಗೆ ಅರ್ಥವಾಯಿತು. ಚಿಕ್ಕಲಕ್ಷ್ಮಮ್ಮ ಅಲ್ಲೇ ತೋಳು ಮುಂದೆ ಮಾಡಿದರು.

"ಒಂದು ಮಾತು ಡಾಕ್ಟ್ರೇ," ಎಂದರು ಶಿವಗಂಗಮ್ಮ, ಅವರ ರಾಗಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತ. "ಇದನ್ನ ಮತ್ತೆ ಫಾರಿನ್ನಿಗೆ ಕಳಿಸ್ಬೇಡಿ. ಇನ್ನೊಂದು ವರ್ಷಕ್ಕೆ ಕೆಟ್ಟು ವಾಪಸ್ ಬರುತ್ತೆ."

ಕಳಿಸದಿದ್ದರೆ ಆಗುವುದಿಲ್ಲ, ಅದಕ್ಕೊಂದು ನಿಯಮವಿದೆ ಎಂದು ಹೇಳಲು ಡಾ. ಚನ್ನವೀರೇಶ್ ಬಾಯಿ ತೆರೆದರು. ಶಿವಗಂಗಮ್ಮ ಸ್ವಿಚ್ ಹಾಕಿದರು. ಡಾಕ್ಟರ ತುಟಿ ಬಹಳ ಹೊತ್ತು ಅಲ್ಲಾಡುತ್ತಲೇ ಇತ್ತು. ಎಷ್ಟು ಮೆದು ಮನುಷ್ಯ ಎಂದುಕೊಂಡರು ಹೆಂಗಸರು.